ಮನೆಯ ಕಾವಲಿಗೆ ರಿವಾಲ್ವರೋ ಪಿಸ್ತೂಲೋ?

ಕೊಡಗಿನವರಿಗೆ ಕೋವಿ ಹೊಸದಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಹೂವಿಟ್ಟು ಪೂಜಿಸುತ್ತಾರೆ. ಆದರೆ ಕೋವಿಯಲ್ಲಿ ಪಳಗಿದ ಕೈ ರಿವಾಲ್ವರಿಗೂ ಸಾಕು ಎನ್ನುವ ಮಾತನ್ನು ನಂಬಬೇಡಿ. ಹೆಗಲಿನ ಆಸರೆಯಿಲ್ಲದ ಆಯುಧವದು. ಮಣಿಕಟ್ಟು ತುಸು ಅಲುಗಿದರೂ ಗುರಿ ತಪ್ಪುತ್ತದೆ.

ಮೊದಲು ಕಾಗದಪತ್ರ. ಕೊಡವರು ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗಿರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ವಿನಾಯಿತಿ ಪತ್ರವಿದ್ದರೂ ಮುಂಗಡ ಕೊಡುವ ಮುನ್ನ, ಅದು ನೀವು ಕೊಳ್ಳುವ ಆಯುಧಕ್ಕೆ ಅನ್ವಯಿಸುವುದೇ ಎಂದು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತವಾಗಿ ತಿಳಿಯಿರಿ. ಉಳಿದವರಿಗೆ ಪರವಾನಗಿ ಬೇಕೇ ಬೇಕು. 21 ವರ್ಷ ತುಂಬಿರಬೇಕು, ಪೊಲೀಸ್ ವರದಿಯೂ ಬರಬೇಕು.

9 ಎಂಎಂ ತೋಟಾ ಹಾರಿಸುವ ಆಯುಧ ಸಾಮಾನ್ಯ ನಾಗರಿಕರಿಗೆ ನಿಷೇಧಿತ. ಹಾಗಾಗಿ ಹೆಚ್ಚಿನವರ ಆಯ್ಕೆ .32 ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಳತೆ, ಅಂಗುಲಗಳಲ್ಲಿ). ಕಾನ್ಪುರದಲ್ಲಿ ತಯಾರಾಗುವ, 2014ರಲ್ಲಿ ಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು ಅರ್ಧ ಕಿಲೊ ತೂಗುತ್ತದೆ. ಹಗುರವೆಂದು ಹಿಗ್ಗಬೇಡಿ, ತೂಕ ಇಳಿದಷ್ಟೂ ಹಿಂದೊದೆತ ಹೆಚ್ಚು.

ರಿವಾಲ್ವರಿನಲ್ಲಿ ತೋಟಾ ಹಾರದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ತೋಟಾ ಹೆಚ್ಚು ಹಿಡಿಸಬಹುದು, ಆದರೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆಯಲು ಬೆರಳಿಗೆ ಬಲ ಬೇಕು. ತೋಟಾ ಸಿಕ್ಕಿಕೊಂಡರೆ ಬಿಡಿಸುವ ಅಭ್ಯಾಸವೂ ಬೇಕು. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಏಳುವವರಿಗೆ ನಾನು ಹೇಳುವುದು ರಿವಾಲ್ವರನ್ನೇ. ಅಂಗಡಿಯಲ್ಲಿ ಖಾಲಿಯಿದೆಯೆಂದು ನೀವೇ ನೋಡಿಕೊಂಡು, ಮಾಲೀಕರನ್ನು ಕೇಳಿ ಟ್ರಿಗರ್ ಎಳೆದು ನೋಡಿ. ಎಳೆಯುವಾಗ ನಳಿಗೆಯ ತುದಿ ಕೆಳಗೆ ವಾಲಿದರೆ ಆ ಹಿಡಿ ನಿಮ್ಮ ಕೈಗೆ ಹೊಂದುವುದಿಲ್ಲ. ಮನೆಯಲ್ಲಿ ಬೇರೆಯವರೂ ಪರವಾನಗಿ ಪಡೆದು ಬಳಸುವುದಾದರೆ ಅವರ ಕೈಯಲ್ಲೂ ಪರೀಕ್ಷಿಸಿ.

ತೋಟಕ್ಕೆ ನುಗ್ಗುವ ಆನೆಗೆಂದು ಇದನ್ನು ಕೊಳ್ಳುವವರಿದ್ದರೆ ಆ ಹಣ ಉಳಿಸಿಕೊಳ್ಳಿ. .32 ಗುಂಡು ಆನೆಯನ್ನು ಕೆರಳಿಸೀತೇ ಹೊರತು ತಡೆಯದು.

ನಮ್ಮ ಮಳೆಗಾಲವೇ ದೊಡ್ಡ ಶತ್ರು. ಜೂನ್‌ನಿಂದ ಗೋಡೆಯೂ ಬೆವರುವ ಊರಿನಲ್ಲಿ ಚರ್ಮದ ಚೀಲದೊಳಗಿಟ್ಟ ಆಯುಧಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಚೀಲದಿಂದ ತೆಗೆದು, ತೆಳುವಾಗಿ ಎಣ್ಣೆ ಸವರಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬೀಗವಿರುವ ಉಕ್ಕಿನ ಪೆಟ್ಟಿಗೆಯಲ್ಲಿಡಿ. ತೋಟಾ ಬೇರೆ ಬೀಗದಲ್ಲಿರಲಿ.

ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ಅಪಾಯಕ್ಕೆ ತಕ್ಕಷ್ಟೇ ಬಲ ಬಳಸಬೇಕು. ಓಡಿಹೋಗುತ್ತಿರುವ ಕಾಫಿ ಕಳ್ಳನ ಬೆನ್ನಿಗೆ ಗುಂಡು ಹೊಡೆದವನು ಆರೋಪಿಯಾಗಿ ನಿಲ್ಲಬೇಕಾದೀತು. ಮದುವೆ ಸಂಭ್ರಮದಲ್ಲಿ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಇತರರಿಗೆ ಅಪಾಯ ತಂದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.