ಹಾಸಿದ ಹಳಿ ಕೀಳದೆ ಕಪ್ಲರ್ ಬಿಡಿಸುವ ಮ್ಯಾಗ್ನೆಟ್ ಕೂರಿಸಿದ್ದು

ಎಚ್‌ಒ ಅಳತೆಯ ಮಾದರಿ ರೈಲಿನ ಲೇಔಟ್‌ನಲ್ಲಿ ಹಳಿ ಅಂಟಿಸಿ, ಜಲ್ಲಿ ಹಾಕಿ ಆಗಿತ್ತು. ಮ್ಯಾಗ್ನೆಟ್ ಮೇಲೆ ಬೋಗಿ ನಿಲ್ಲಿಸಿದರೂ ಕಪ್ಲರ್ (ಬೋಗಿಗಳನ್ನು ಜೋಡಿಸುವ ಕೊಂಡಿ) ಬಿಡುತ್ತಿರಲಿಲ್ಲ. ಹಲಗೆಯ ಅಡಿ ಅಂಟಿಸಿದರೆ ಸೆಳೆತ ಮೇಲಕ್ಕೆ ಮುಟ್ಟಲಿಲ್ಲ. ಹಳಿಗಳ ನಟ್ಟನಡುವೆ ಒಂದೇ ಬಿಲ್ಲೆ ಇಟ್ಟಾಗ, ಪಕ್ಕಕ್ಕೆ ಸರಿದು ಕಪ್ಲರ್ ಬಾಯಿ ತೆರೆಸಬೇಕಾದ, ಅದರಡಿ ಇಳಿಬಿದ್ದ ಪಿನ್‌ಗಳು ಸರಿಯಲೇ ಇಲ್ಲ.

ಫಲಿಸಿದ್ದು ಇದು: 3 ಮಿ.ಮೀ. ವ್ಯಾಸದ ನಿಯೋಡಿಮಿಯಂ ಮ್ಯಾಗ್ನೆಟ್, ಸ್ಲೀಪರ್ (ಹಳಿಯಡಿಯ ಅಡ್ಡಪಟ್ಟಿ) ಸಂದಿಯಲ್ಲಿ, ಎರಡೂ ಹಳಿಗಳ ಒಳಮಗ್ಗುಲಿಗೆ ಒಂದೊಂದು. ಹೀಗೆ ಸಾಲಾಗಿ ಮೂರು ಜೋಡಿ. ಒಂದು ಬದಿಯವೆಲ್ಲ ಉತ್ತರ ಧ್ರುವ ಮೇಲೆ, ಎದುರು ಬದಿಯವೆಲ್ಲ ದಕ್ಷಿಣ ಮೇಲೆ. ತೂತನ್ನು ಕೈಡ್ರಿಲ್‌ನಲ್ಲೇ ಕೊರೆಯಿರಿ. ಮ್ಯಾಗ್ನೆಟ್ ತಲೆ ಸ್ಲೀಪರ್ ಮಟ್ಟಕ್ಕಿರಲಿ. ಪಿನ್ ತುದಿ ಹಳಿಯ ನೆತ್ತಿಯಿಂದ ಸುಮಾರು 0.8 ಮಿ.ಮೀ. ಮೇಲೆ. ಬೋಗಿ ಓಡಿಸಿ ನೋಡಿದ ಮೇಲೆಯೇ ಅಂಟು.

ಚಕ್ರದ ಅಚ್ಚು ಕಬ್ಬಿಣದ್ದಾಗಿರುವ ಹಗುರ ಬೋಗಿ ಮ್ಯಾಗ್ನೆಟ್‌ನತ್ತ ತಾನಾಗಿ ಉರುಳುತ್ತದೆ. ಹಿತ್ತಾಳೆ ಅಚ್ಚು ಹಾಕಿ.

ಬಿಡಿಸುವಾಗ ಎಂಜಿನ್ ತುಸು ಹಿಂದೆ ತಂದು ಕೊಂಡಿ ಸಡಿಲಿಸಿ, ಆಮೇಲೆ ಮುಂದೆ. ಎಳೆತ ಇರುವಷ್ಟು ಹೊತ್ತೂ ಕಪ್ಲರ್ ಬಾಯಿ ಬಿಡುವುದಿಲ್ಲ.