ಅಟ್ಟದ ಮೇಲಿನ ಅಡಿಕೆ ಮತ್ತು ನನ್ನ ಲೆಕ್ಕ

ಶಿರಸಿ ಕಡೆಯ ನಮ್ಮ ಮನೆಯ ಅಟ್ಟದಲ್ಲಿ ಪ್ರತಿ ವರ್ಷ ಚಾಲಿ (ಒಣಗಿಸಿ ಸುಲಿದ) ಅಡಿಕೆ ಚೀಲಗಳು ಇರುತ್ತವೆ. ಇವತ್ತೇ ಕೊಡುವುದಾ, ಇನ್ನೊಂದು ತಿಂಗಳು ನೋಡುವುದಾ? ನಾನು ಓದಿದ ಗಣಿತದಲ್ಲಿ ಈ ಪ್ರಶ್ನೆಗೆ ಆಪ್ಟಿಮಲ್ ಸ್ಟಾಪಿಂಗ್ (ಕಾಯುವುದನ್ನು ಯಾವಾಗ ನಿಲ್ಲಿಸಿದರೆ ಲಾಭ) ಅಂತ ಹೆಸರೇ ಇದೆ. ಒಂದು ರಜೆಯಲ್ಲಿ ಕೂತು ಲೆಕ್ಕ ಮಾಡಿಯೇಬಿಟ್ಟೆ.

ಮೊದಲು ಷೇರು ಬೆಲೆಗೆ ಬಳಸುವ ಜ್ಯಾಮಿತೀಯ ಬ್ರೌನಿಯನ್ ಚಲನೆಯನ್ನೇ (ಬೆಲೆ ಶೇಕಡಾ ಲೆಕ್ಕದಲ್ಲಿ ಗೊತ್ತುಗುರಿಯಿಲ್ಲದೆ ಏರಿಳಿಯುತ್ತದೆ ಅನ್ನುವ ಮಾದರಿ) ಧಾರಣೆಗೂ ಹಾಕಿದೆ. ಉತ್ತರ ಒಂದೇ ಸಾಲು. ಧಾರಣೆ ಸರಾಸರಿ ಏರುವ ವೇಗ ಬಡ್ಡಿಗಿಂತ ಕಡಿಮೆಯಾದರೆ ಇವತ್ತೇ ಮಾರು, ಜಾಸ್ತಿಯಾದರೆ ಯಾವತ್ತೂ ಮಾರಬೇಡ. ಏರಿಳಿತ ಎಷ್ಟಿದ್ದರೂ ಇದೇ ಉತ್ತರ! ಗಣಿತ ಸರಿಯಾಗಿತ್ತು, ಮಾದರಿ ಅಡಿಕೆಯದಲ್ಲ. ನಮ್ಮ ಧಾರಣೆ ತುಂಬ ಏರಿದರೆ ಇಳಿಯುತ್ತದೆ, ತುಂಬ ಬಿದ್ದರೆ ಚೇತರಿಸಿಕೊಳ್ಳುತ್ತದೆ ಅಲ್ವಾ?

ಹೀಗೆ ಸರಾಸರಿಯ ಕಡೆಗೆ ಎಳೆಯುವ ಮಾದರಿಯನ್ನು ಊಲೆನ್‌ಬೆಕ್ ಮತ್ತು ಓರ್ನ್‌ಸ್ಟೈನ್ 1930ರಲ್ಲಿ ಕಣಗಳ ಚಲನೆಗಾಗಿ ಬರೆದಿದ್ದರು. ಅದನ್ನು ಹಾಕಿದೆ. ಗಣಿತಜ್ಞ ಬೆಲ್‌ಮನ್ ತೋರಿಸಿದ ದಾರಿಯಲ್ಲಿ, ಬೆಳೆಸಾಲ ಕಟ್ಟುವ ಕೊನೆಯ ದಿನದಿಂದ ಹಿಂದಕ್ಕೆ ಬಂದೆ. ಪ್ರತಿ ಹೆಜ್ಜೆಯಲ್ಲೂ ಈಗ ಮಾರಿದರೆ ಎಷ್ಟು, ಕಾದರೆ ಎಷ್ಟು ಎಂದು ನೋಡಿ ದೊಡ್ಡದನ್ನು ಉಳಿಸಿಕೊಳ್ಳಬೇಕು.

ಇಲ್ಲಿ ಎರಡು ದಿನ ಹೋಯಿತು. ಲೆಕ್ಕಕ್ಕೆ ಧಾರಣೆಯನ್ನೂ ಕಾಲವನ್ನೂ ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿದ್ದೆ. ಉತ್ತರ ನಯವಾಗಲಿ ಎಂದು ಧಾರಣೆಯ ಹೆಜ್ಜೆಯನ್ನು ಅರ್ಧ ಮಾಡಿದ್ದೆ, ಕಾಲದ ಹೆಜ್ಜೆಯನ್ನು ಹಾಗೇ ಬಿಟ್ಟಿದ್ದೆ. ಅಂಕಿಗಳು ಕೋಟಿಗಟ್ಟಲೆ ಮೇಲೆ ಕೆಳಗೆ ಹಾರಿದವು. ನಾನು ಹಿಡಿದ ವಿಧಾನದಲ್ಲಿ ಧಾರಣೆಯ ಹೆಜ್ಜೆ ಅರ್ಧವಾದರೆ ಕಾಲದ ಹೆಜ್ಜೆ ನಾಲ್ಕನೇ ಒಂದು ಭಾಗಕ್ಕೆ ಇಳಿಯಲೇಬೇಕು.

ಸರಿಮಾಡಿದ ಮೇಲೆ ಒಂದು ಗೆರೆ ಮೂಡಿತು. ಧಾರಣೆ ಗೆರೆ ಮುಟ್ಟಿದರೆ ಮಾರು, ಕೆಳಗಿದ್ದರೆ ಕಾಯುತ್ತಿರು. ಗಡುವು ಹತ್ತಿರವಾದಂತೆ ಗೆರೆ ಇಳಿಯುತ್ತದೆ. ಎಲ್ಲಿಯವರೆಗೆ ಅನ್ನುವುದನ್ನು ಕಾಗದದ ಮೇಲೇ ನೋಡಬಹುದು. ಸರಾಸರಿ 100, ಧಾರಣೆಯನ್ನು ಸರಾಸರಿಯ ಕಡೆಗೆ ತರುವ ಎಳೆತದ ವೇಗ ವರ್ಷಕ್ಕೆ 1, ಬಡ್ಡಿ 9% ಎಂದಿಟ್ಟುಕೊಳ್ಳಿ. ಕಾದರೆ ಸಿಗುವ ಏರಿಕೆ ಬಡ್ಡಿಗೆ ಸಮವಾಗುವುದು 100 ಭಾಗಿಸು 1.09 (ಎಳೆತದ 1, ಬಡ್ಡಿಯ 0.09), ಅಂದರೆ ಸುಮಾರು 92ರಲ್ಲಿ. ಕೊನೆಗೆ ಸರಾಸರಿಗಿಂತ ಕಡಿಮೆಗೂ ಕೊಟ್ಟುಬಿಡುವುದೇ ಸರಿ. ಇದು ನಾನು ಎಣಿಸಿರಲೇ ಇಲ್ಲ.

ಎಳೆತದ ವೇಗವನ್ನು ಹಳೆಯ ಧಾರಣೆಗಳಿಂದ ಅಂದಾಜು ಮಾಡುವಾಗ ಹುಷಾರು. ಕೆಲವೇ ವರ್ಷಗಳ ಅಂಕಿ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿಯೇ ಕಾಣುತ್ತದೆ. ನಾನು ಅದಕ್ಕೇ ಅರ್ಧ ವೇಗದಲ್ಲೂ ಲೆಕ್ಕ ಹಾಕಿ, ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆದೆ.

ಅಪ್ಪಯ್ಯ ಹಾಳೆ ನೋಡಿ, "ಎಲ್ಲಾ ಚೀಲ ಒಂದೇ ದಿನ ಕೊಡೂದಾ?" ಅಂದರು. ಅವರು ಯಾವಾಗಲೂ ಮೂರು ಸಲ ಮಾಡಿ ಕೊಡುವವರು. ನನ್ನ ಲೆಕ್ಕದಲ್ಲಿ ನಷ್ಟದ ಭಯಕ್ಕೆ ಜಾಗವೇ ಇರಲಿಲ್ಲ. ಅದಿಲ್ಲದಿದ್ದರೆ ಒಂದೇ ಸಲ ಮಾರು ಅಂತಲೇ ಉತ್ತರ ಬರುತ್ತದೆ. ಈಗ ಅದನ್ನು ಸೇರಿಸಿ ಮತ್ತೆ ಬರೆಯುತ್ತಿದ್ದೇನೆ.