ಕಿತ್ತಳೆ ಜ್ಯೂಸಿನ ಸತ್ವ ಮೈಗೆ ಹತ್ತಬೇಕಾದರೆ

ಜ್ಯೂಸ್ ಮಾಡುವಾಗ ತುಂಬಾ ಜನ ಮೊದಲು ತೊಳೆಗೆ ಅಂಟಿದ ಬಿಳಿ ನಾರನ್ನೆಲ್ಲ ಕಿತ್ತು ಬಿಸಾಡುತ್ತಾರೆ, ಆಮೇಲೆ ಸೋಸಿ ಹಿಪ್ಪೆಯನ್ನೂ ಕಸಕ್ಕೆ ಹಾಕುತ್ತಾರೆ. ಕಿತ್ತಳೆಯ ಮುಖ್ಯ ಫ್ಲೇವನಾಯ್ಡ್ (ಗಿಡಗಳಲ್ಲಿರುವ ಒಂದು ಬಗೆಯ ಸತ್ವ) ಹೆಸ್ಪೆರಿಡಿನ್ ಜಾಸ್ತಿ ಇರುವುದೇ ಅಲ್ಲಿ! ಹಾಗಾಗಿ ನಾರನ್ನು ಪೂರ್ತಿ ತೆಗೆಯಬೇಡಿ, ಸೋಸಲೂಬೇಡಿ. ಸ್ವಲ್ಪ ಕಹಿ ಬರುತ್ತದೆ, ಬರಲಿ. ಬೀಜ ಮಾತ್ರ ತೆಗೆದುಬಿಡಿ, ಅದು ಅರೆದುಹೋದರೆ ಕುಡಿಯುವುದೇ ಕಷ್ಟ. ಹೆಸ್ಪೆರಿಡಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಲೋಟದ ತಳದ ಗಷ್ಟಿನಲ್ಲಿ ಕೂತಿರುತ್ತದೆ. ಕಲಕಿ ಕುಡಿಯಿರಿ.

ಕುಡಿದ ಮೇಲೆ ಎಲ್ಲವೂ ಒಂದೇ ದಾರಿ ಹಿಡಿಯುವುದಿಲ್ಲ.

ವಿಟಮಿನ್ ಸಿ ಕೆಲಸ ಬೇಗ ಮುಗಿಯುತ್ತದೆ. ಅದನ್ನು ಒಳಗೆ ಎಳೆದುಕೊಳ್ಳುವ ಪ್ರೋಟೀನುಗಳು ಸಣ್ಣ ಕರುಳಿನ ಗೋಡೆಯಲ್ಲೇ ಇವೆ, ಆದರೆ ಅವುಗಳಿಗೂ ಮಿತಿ ಇದೆ. ಒಂದು ಸಲಕ್ಕೆ 200 ಮಿಲಿಗ್ರಾಂ ತನಕ ಹೆಚ್ಚಿನ ಪಾಲು ಸೇರುತ್ತದೆ, 1000 ದಾಟಿದರೆ ಅರ್ಧಕ್ಕಿಂತ ಕಡಿಮೆ. ಒಂದು ಲೋಟ ತಾಜಾ ಜ್ಯೂಸಿನಲ್ಲಿ ಸುಮಾರು 100 ಮಿಲಿಗ್ರಾಂ ಸಿಗುತ್ತದೆ. ಜಗ್ಗುಗಟ್ಟಲೆ ಕುಡಿದರೆ ಜಾಸ್ತಿ ಸೇರುವುದು ಸಕ್ಕರೆ, ಅಷ್ಟೇ.

ಹೆಸ್ಪೆರಿಡಿನ್ ಕಥೆ ಬೇರೆ. ಅದರ ಜೊತೆ ಗ್ಲೂಕೋಸ್ ಮತ್ತು ರ‍್ಯಾಮ್ನೋಸ್ ಎಂಬ ಎರಡು ಸಕ್ಕರೆಗಳ ಜೋಡಿ ಅಂಟಿಕೊಂಡಿರುತ್ತದೆ, ಇದನ್ನು ಬಿಡಿಸುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅದು ದೊಡ್ಡ ಕರುಳಿನ ತನಕ ಹೋಗಬೇಕು. ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಕಡಿದು ಹಾಕಿದ ಮೇಲೆ ಉಳಿಯುವ ಹೆಸ್ಪೆರೆಟಿನ್ ರಕ್ತಕ್ಕೆ ಸೇರುತ್ತದೆ, ಅದೂ ಸ್ವಲ್ಪ ಪಾಲು ಮಾತ್ರ. ರಕ್ತದಲ್ಲಿ ಅದು ಏರಿ ನಿಲ್ಲುವುದು ಕುಡಿದ 5ರಿಂದ 7 ಗಂಟೆಗಳ ನಂತರ. ಜ್ಯೂಸಿಗೆ ಮೊದಲೇ ಕಿಣ್ವ ಹಾಕಿ ಆ ರ‍್ಯಾಮ್ನೋಸ್ ತೆಗೆದು ಕುಡಿಸಿ ನೋಡಿದ್ದಾರೆ, ಆಗ ಒಂದು ಗಂಟೆಯೊಳಗೇ ಏರಿತ್ತು. ಅಡ್ಡಿ ಇದ್ದದ್ದು ಆ ಸಕ್ಕರೆಯದ್ದೇ.

ಬ್ಯಾಕ್ಟೀರಿಯಾ ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದಕ್ಕೇ ಒಂದೇ ಜಗ್ಗಿನ ಜ್ಯೂಸ್ ಕುಡಿದ ಇಬ್ಬರಲ್ಲಿ ಒಬ್ಬರಿಗೆ ಜಾಸ್ತಿ ಸೇರುತ್ತದೆ, ಇನ್ನೊಬ್ಬರಿಗೆ ಹತ್ತುವುದೇ ಇಲ್ಲ. ಇದಕ್ಕೆ ಜ್ಯೂಸಿನಲ್ಲಿ ಮದ್ದಿಲ್ಲ. ನಾರಿನಂಶ ಇರುವ ಊಟ ಮಾಡಿ ಆ ಬ್ಯಾಕ್ಟೀರಿಯಾಗಳಿಗೂ ಹೊಟ್ಟೆ ತುಂಬಿಸುತ್ತಿರಿ. ಸೇರಿದ್ದೂ ಒಂದು ದಿನದೊಳಗೆ ಹೆಚ್ಚುಕಡಿಮೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಲೀಟರ್ ಕುಡಿಯುವುದಕ್ಕಿಂತ ದಿನಕ್ಕೊಂದು ಸಣ್ಣ ಲೋಟ ವಾಸಿ.

ಖಾಲಿ ಹೊಟ್ಟೆಯಲ್ಲೇ ಕುಡಿಯಬೇಕು ಅನ್ನುವವರ ಮಾತು ಕೇಳಬೇಡಿ. ಊಟದ ಜೊತೆ ಕುಡಿದರೆ ಲಾಭ ಎರಡು: ಹಣ್ಣಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ಸೇರಲು ಸ್ವಲ್ಪ ಎಣ್ಣೆಯಂಶ ಬೇಕು, ಅದು ಊಟದಲ್ಲಿರುತ್ತದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಸೇರಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಅದೇ ಹೊತ್ತಿಗೆ ಟೀ, ಕಾಫಿ ಬೇಡ.

ಗ್ರೇಪ್‌ಫ್ರೂಟ್ (ಕಿತ್ತಳೆ ಬಳಗದ, ಚಕ್ಕೋತದಂಥ ಹಣ್ಣು) ವಿಷಯದಲ್ಲಿ ಮಾತ್ರ ಹುಷಾರು. ಅದರಲ್ಲಿರುವ ಫ್ಯೂರನೋಕೂಮರಿನ್‌ಗಳು ಕರುಳಿನ ಗೋಡೆಯಲ್ಲಿ ಔಷಧಗಳನ್ನು ಒಡೆಯುವ ಕಿಣ್ವವನ್ನು ಕೆಡಿಸುತ್ತವೆ, ದೇಹ ಹೊಸ ಕಿಣ್ವ ಮಾಡಿಕೊಳ್ಳುವ ತನಕ, ಅಂದರೆ ಒಂದು ದಿನಕ್ಕಿಂತ ಜಾಸ್ತಿ ಹೊತ್ತು, ಇದರ ಪರಿಣಾಮ ಇರುತ್ತದೆ. ಬೆಳಿಗ್ಗೆ ಜ್ಯೂಸ್, ರಾತ್ರಿ ಮಾತ್ರೆ ಅಂದುಕೊಂಡರೂ ತಪ್ಪಿಸಿಕೊಂಡಂತಲ್ಲ. ಕೊಲೆಸ್ಟರಾಲಿನ ಸಿಂವಾಸ್ಟಾಟಿನ್, ಬಿಪಿಯ ಫೆಲೋಡಿಪಿನ್ ರಕ್ತದಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯಾಗುತ್ತವೆ. ಅಲರ್ಜಿಯ ಫೆಕ್ಸೊಫೆನಡಿನ್‌ಗೆ ಉಲ್ಟಾ, ಕಿತ್ತಳೆ ಜ್ಯೂಸ್ ಜೊತೆ ನುಂಗಿದರೂ ಅದು ಸರಿಯಾಗಿ ಸೇರುವುದಿಲ್ಲ. ದಿನಾ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ, ಮಾತ್ರೆಯನ್ನು ನೀರಿನಲ್ಲೇ ನುಂಗಿ.